ಗಾಜಿನ ಪೆಟ್ಟಿಗೆಗೆ ಗಾಳಿ ಎಲ್ಲಿಂದ?

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಅದನ್ನು ‘ಕ್ಯಾಬಿನೆಟ್’ ಎನ್ನುತ್ತಾರೆ. ಮನೆಗಳಲ್ಲಿ ಬಹಳ ಕಾಲ ಅದರ ಹೆಸರು ‘ಸಿಪಿಯು’ ಎಂದೇ ಇತ್ತು. ನಿಜವಾದ ಸಿಪಿಯು ಒಳಗಡೆ ಇರುವ, ಅಂಗೈಗಿಂತ ಚಿಕ್ಕದಾದ ಪ್ರೊಸೆಸರ್ ಮಾತ್ರ. ಆದರೆ ಮಾನಿಟರ್, ಕೀಬೋರ್ಡ್, ಮೌಸ್ ಬಿಟ್ಟು ಉಳಿದ ಇಡೀ ಡಬ್ಬಕ್ಕೆ ಆ ಹೆಸರು ಅಂಟಿಕೊಂಡಿತು. ಒಳಗೇನಿದೆ ಎಂದು ಕಾಣದಿದ್ದಾಗ ಹೊದಿಕೆಗೇ ಒಳಗಿನದರ ಹೆಸರು ಬರುವುದು ಭಾಷೆಯಲ್ಲಿ ಹೊಸದೇನಲ್ಲ.

ಈಗ ಒಳಗಿನದೆಲ್ಲ ಕಾಣುತ್ತದೆ. ಅದೇ ಅಂಗಡಿಗಳ ಕಪಾಟಿನಲ್ಲಿ ಎರಡು ಬದಿಗೆ ಗಾಜು ಹೊದ್ದು, ಬಣ್ಣಬಣ್ಣದ ಬೆಳಕು ಬೀರುವ ಫ್ಯಾನುಗಳನ್ನು ತೊಟ್ಟ ಕ್ಯಾಬಿನೆಟ್‌ಗಳು ಸಾಲಾಗಿ ಕೂತಿರುತ್ತವೆ. ಅವುಗಳಲ್ಲಿ ಹೆಚ್ಚು ಬೇಡಿಕೆಯಿರುವುದು ‘ಡ್ಯುಯಲ್ ಚೇಂಬರ್’ ಎಂಬ ಎರಡು ಕೋಣೆಗಳ ಮಾದರಿಗೆ. ಕೊಳ್ಳಲು ಬಂದವರು ಮೊದಲು ನೋಡುವುದು ಗಾಜು ಮತ್ತು ಬೆಳಕನ್ನು. ಆದರೆ ಎರಡು ಕೋಣೆಗಳ ವಿನ್ಯಾಸ ಜನಪ್ರಿಯವಾದದ್ದು ಗಾಳಿಯ ಕಾರಣಕ್ಕೆ. ಗಾಜು ಆಮೇಲೆ ಬಂದು ಆ ಗಾಳಿಯ ದಾರಿಯಲ್ಲಿ ನಿಂತಿತು. ಬೆವರಿನ, ದೂಳಿನ, ಉಪ್ಪುಗಾಳಿಯ ಈ ಊರಿನಲ್ಲಿ ಕ್ಯಾಬಿನೆಟ್ ಆರಿಸುವವರಿಗೆ ಈ ಕ್ರಮ ಗೊತ್ತಿದ್ದರೆ ಒಳ್ಳೆಯದು.

ಕಂಪ್ಯೂಟರನ್ನು ಗಾಜಿನ ಹಿಂದೆ ಇಟ್ಟು ತೋರಿಸುವ ಆಸೆ ಹಳೆಯದು. 1948ರ ಜನವರಿಯಲ್ಲಿ ಐಬಿಎಂ ಕಂಪನಿ ನ್ಯೂಯಾರ್ಕಿನ 57ನೇ ಬೀದಿಯಲ್ಲಿ, ನೆಲಮಾಳಿಗೆಯಲ್ಲೋ ಹಿತ್ತಲಲ್ಲೋ ಅಲ್ಲ, ರಸ್ತೆಯ ಮಟ್ಟದ ಅಂತಸ್ತಿನಲ್ಲೇ ಎಸ್‌ಎಸ್‌ಇಸಿ ಎಂಬ ಯಂತ್ರವನ್ನು ನಿಲ್ಲಿಸಿತು. ಫುಟ್‌ಪಾತಿನಲ್ಲಿ ಹೋಗುವವರು ಕಿಟಕಿಯ ಗಾಜಿನ ಮೂಲಕ ಅದರ ದೀಪಗಳು ಮಿನುಗುವುದನ್ನು ನಿಂತು ನೋಡುತ್ತಿದ್ದರು. ಅದರಲ್ಲಿ ಸುಮಾರು 12,500 ನಿರ್ವಾತ ಕೊಳವೆಗಳೂ 21,000ಕ್ಕೂ ಹೆಚ್ಚು ರಿಲೇಗಳೂ ಇದ್ದವು. ಚಂದ್ರನ ಸ್ಥಾನಗಳ ಲೆಕ್ಕ ಹಾಕಿದ ಆ ಯಂತ್ರವನ್ನು 1952ರಲ್ಲಿ ಬಿಚ್ಚಿದರು. ಆದರೆ ಕಂಪ್ಯೂಟರ್ ಎಂದರೆ ಮಿನುಗುವ ದೀಪಗಳು ಎಂಬ ಚಿತ್ರ ಜನರ ಮನಸ್ಸಿನಲ್ಲಿ ಉಳಿಯಿತು.

ಅಂಥ ಯಂತ್ರಗಳಿಗೆ ಕ್ಯಾಬಿನೆಟ್ ಎಂದರೆ ಇಡೀ ಕೋಣೆ. ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಸ್ವತಃ ಕಟ್ಟಿದ ಕಂಪ್ಯೂಟರ್ 1960ರಲ್ಲಿ ಕೆಲಸಕ್ಕೆ ಸಜ್ಜಾಯಿತು. 1962ರ ಜನವರಿಯಲ್ಲಿ ಸಂಸ್ಥೆಯ ಕೊಲಾಬಾ ಕಟ್ಟಡವನ್ನು ಜವಾಹರಲಾಲ್ ನೆಹರೂ ಉದ್ಘಾಟಿಸಿದಾಗ ಅದಕ್ಕೆ ‘ಟಿಫ್ರಾಕ್’ ಎಂದು ಹೆಸರಿಟ್ಟರು. ಅದರ ಮುಖ್ಯ ಭಾಗ ಕೂತಿದ್ದ ಉಕ್ಕಿನ ಚೌಕಟ್ಟು 18 ಅಡಿ ಉದ್ದ, 8 ಅಡಿ ಎತ್ತರ, ಎರಡೂವರೆ ಅಡಿ ಅಗಲವಿತ್ತು. ಒಳಗೆ 2,700 ನಿರ್ವಾತ ಕೊಳವೆಗಳು. ಮಂಡಲಗಳನ್ನು ತಲುಪಲು ಚೌಕಟ್ಟಿನ ಎರಡೂ ಬದಿಗೆ ಬಾಗಿಲುಗಳಿದ್ದವು. ಒಂದು ಬದಿಯಿಂದ ಕೈಗೆಟುಕದ್ದನ್ನು ಇನ್ನೊಂದು ಬದಿಯಿಂದ ಸರಿಪಡಿಸಬೇಕು ಎಂಬ ಸರಳ ಯೋಚನೆ ಅದು. ಇಂದಿನ ಎರಡು ಕೋಣೆಗಳ ಕ್ಯಾಬಿನೆಟ್ಟಿನ ಎರಡು ಬಾಗಿಲು ತೆರೆದು ಕೆಲಸ ಮಾಡುವವರಿಗೆ ಆ ಅನುಕೂಲ ಪರಿಚಿತವೇ.

ಅಲ್ಲಿಂದ ಮೇಜಿನ ಮೇಲಿನ ಡಬ್ಬಕ್ಕೆ ಬರಲು ಎರಡು ದಶಕ ಹಿಡಿಯಿತು. 1981ರ ಐಬಿಎಂ ಪಿಸಿ ಅಡ್ಡಡ್ಡ ಮಲಗಿದ, ಮಾಸಲು ಕೆನೆಬಣ್ಣದ ತಗಡಿನ ಪೆಟ್ಟಿಗೆ. ಅದರೊಳಗಿನ ಪವರ್ ಸಪ್ಲೈ ಕೊಡುತ್ತಿದ್ದುದು ಬರೀ 63.5 ವ್ಯಾಟ್, ಒಂದು ಹಳೆಯ ಬಲ್ಬಿನಷ್ಟು. ಅಷ್ಟು ಕಡಿಮೆ ಶಾಖಕ್ಕೆ ಪವರ್ ಸಪ್ಲೈನ ಫ್ಯಾನು ಸಾಕಾಗಿತ್ತು. ಆಫೀಸಿನ ಪೀಠೋಪಕರಣದ ಜೊತೆ ಹೊಂದಿಕೊಂಡು, ಕಣ್ಣಿಗೆ ಬೀಳದೆ ಇರುವುದೇ ಆ ಪೆಟ್ಟಿಗೆಯ ಗುಣ ಎಂದು ಎಣಿಸಿದ ಕಾಲ ಅದು.

ಐಬಿಎಂ 1978ರಲ್ಲೇ ಭಾರತ ಬಿಟ್ಟು ಹೋಗಿತ್ತು. 1984ರ ನವೆಂಬರಿನಲ್ಲಿ ಕೇಂದ್ರ ಸರಕಾರ ಹೊಸ ಕಂಪ್ಯೂಟರ್ ನೀತಿ ತಂದು ಆಮದನ್ನು ಸಡಿಲಿಸಿದ ಮೇಲೆ ಬಿಡಿಭಾಗಗಳನ್ನು ತಂದು ಜೋಡಿಸುವ ವ್ಯಾಪಾರ ಬೆಳೆಯಿತು. ಮುಂಬಯಿಯಲ್ಲಿ ಅದಕ್ಕೆ ಸಿದ್ಧವಾದ ಜಾಗ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರಸ್ತೆ. 1903ರಿಂದ 1907ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಹೆಸರಿನ ಈ ರಸ್ತೆಗೆ ಈಗಿನ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ‘ಶೋಲೆ’ ಐದು ವರ್ಷ ಓಡಿದ ಮಿನರ್ವಾ ಟಾಕೀಸು ಇದ್ದದ್ದು ಇಲ್ಲೇ. ರೇಡಿಯೋ, ಟ್ರಾನ್ಸಿಸ್ಟರಿನ ಬಿಡಿಭಾಗ ಮಾರುತ್ತಿದ್ದ ಅಂಗಡಿಗಳ ಸಾಲಿಗೆ ಮದರ್‌ಬೋರ್ಡು, ರ‍್ಯಾಮು, ಹಾರ್ಡ್ ಡಿಸ್ಕು ಬಂದು ಸೇರಿದವು. ಅಸೆಂಬಲ್ ಮಾಡಿದ ಕಂಪ್ಯೂಟರಿನಲ್ಲಿ ಕ್ಯಾಬಿನೆಟ್ಟಿಗೆ ಎಲ್ಲಕ್ಕಿಂತ ಕೊನೆಯ ಸ್ಥಾನ. ಉಳಿದ ಹಣದಲ್ಲಿ ಬರುವ ತಗಡಿನ ಡಬ್ಬ ಅದು, ಎಸ್‌ಎಂಪಿಎಸ್ ಎಂದು ಕರೆಯುವ ಪವರ್ ಸಪ್ಲೈ ಅದರೊಳಗೇ ಕೂತು ಬರುತ್ತಿತ್ತು.

1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯ ನಿಯಮ ತಂದಿತು. ಯಾವ ಕಂಪನಿಯ ಬೋರ್ಡೂ ಯಾವ ಕಂಪನಿಯ ಡಬ್ಬದಲ್ಲೂ ಕೂರುವಂತಾಯಿತು. ಲಂಬವಾಗಿ ನಿಂತ ಆ ಡಬ್ಬಗಳಲ್ಲಿ ಎಸ್‌ಎಂಪಿಎಸ್ ಮೇಲ್ಭಾಗದಲ್ಲಿ, ಹಿಂದುಗಡೆ ಇರುತ್ತಿತ್ತು. ಒಳಗಿನ ಬಿಸಿಗಾಳಿಗೆ ಹೊರಹೋಗಲು ಅದರ ಫ್ಯಾನೇ ಮುಖ್ಯ ದಾರಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳ ಶಾಖ ಏರುತ್ತ ಹೋದಂತೆ ಈ ಏರ್ಪಾಡು ಸಾಲದಾಯಿತು. ಎಸ್‌ಎಂಪಿಎಸ್ ಕೆಳಕ್ಕೆ ಇಳಿಯಿತು, ಮುಂದೆ ಜಾಲರಿ ಬಂತು, ಫ್ಯಾನುಗಳು ಹೆಚ್ಚಿದವು. ಆದರೂ ವೈರುಗಳ ಗೊಂಚಲು, ಡಿಸ್ಕುಗಳ ಗೂಡು ಗಾಳಿಗೆ ಅಡ್ಡವಾಗಿಯೇ ಇದ್ದವು.

ಇದಕ್ಕೆ ಉತ್ತರವಾಗಿ ಬಂದದ್ದು ಎರಡು ಕೋಣೆಗಳ ವಿನ್ಯಾಸ. ಮುಂಬಯಿಯ ಚಾಳುಗಳಲ್ಲಿ ಬೆಳೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಡಬಲ್ ಖೋಲಿಯಲ್ಲಿ ಟ್ರಂಕು, ಹಾಸಿಗೆ, ಡಬ್ಬಗಳೆಲ್ಲ ಹಿಂದಿನ ಖೋಲಿಗೆ ಹೋದರೆ ಮುಂದಿನದರಲ್ಲಿ ನಾಲ್ಕು ಜನ ಕೂರಬಹುದು. ಹಾಗೆಯೇ ಇಲ್ಲಿ ಮದರ್‌ಬೋರ್ಡಿನ ಹಿಂದೆ ಇನ್ನೊಂದು ಕೋಣೆ ಮಾಡಿ ಎಸ್‌ಎಂಪಿಎಸ್, ಡಿಸ್ಕು, ವೈರುಗಳನ್ನು ಅಲ್ಲಿಗೆ ಸಾಗಿಸುತ್ತಾರೆ. ಮುಂದಿನ ಕೋಣೆಯಲ್ಲಿ ಬೋರ್ಡು ಮತ್ತು ಕಾರ್ಡಿನ ಮೇಲೆ ಗಾಳಿ ಅಡೆತಡೆಯಿಲ್ಲದೆ ಹಾಯುತ್ತದೆ. 2013ರಲ್ಲಿ ಕೋರ್ಸೇರ್ ಕಂಪನಿ ತಂದ ಕಾರ್ಬೈಡ್ ಏರ್ 540 ಈ ಮಾದರಿಯನ್ನು ಜನಪ್ರಿಯ ಮಾಡಿತು. ಅದರ ಮುಂಭಾಗದಲ್ಲಿ ಜಾಲರಿ, ಜಾಲರಿಯ ಹಿಂದೆ ಎರಡು ದೊಡ್ಡ ಫ್ಯಾನು. ಬದಿಯಲ್ಲಿ ಅಕ್ರಿಲಿಕ್ಕಿನ ಒಂದು ಕಿಟಕಿ. ಹೆಸರಿನಲ್ಲೇ ‘ಏರ್’ ಇತ್ತು.

ಇದೇ ಹೊತ್ತಿಗೆ ತೋರಿಸುವ ಹಳೆಯ ಆಸೆ ಇನ್ನೊಂದು ದಾರಿಯಿಂದ ಬರುತ್ತಿತ್ತು. 1998ರಲ್ಲಿ ಆಪಲ್‌ನ ಐಮ್ಯಾಕ್ ಅರೆಪಾರದರ್ಶಕ ನೀಲಿ ಪ್ಲಾಸ್ಟಿಕ್ ತೊಟ್ಟು ಬಂದು ಕೆನೆಬಣ್ಣದ ಕಾಲವನ್ನು ಮುಗಿಸಿತ್ತು. ಹವ್ಯಾಸಿಗಳು ತಗಡನ್ನು ಗರಗಸದಿಂದ ಕೊಯ್ದು ಅಕ್ರಿಲಿಕ್ ಹಾಳೆ ಕೂರಿಸಿ ದೀಪ ಹಾಕುತ್ತಿದ್ದರು. ಎಲ್ಲ ಬಣ್ಣದ ಬೆಳಕು ಸಾಧ್ಯವಾದದ್ದು 1990ರ ದಶಕದಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಸಿದ್ಧವಾದ ಮೇಲೆ. ಕೆಂಪು, ಹಸಿರಿನ ಜೊತೆ ನೀಲಿ ಸೇರಿದರೆ ಬೇಕಾದ ಬಣ್ಣ ಬರುತ್ತದೆ. ಆ ನೀಲಿಗಾಗಿ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಸ್ವಲ್ಪ ಕಾಲದಲ್ಲೇ ಗೀಚುಬೀಳುವ ಅಕ್ರಿಲಿಕ್ಕಿನ ಜಾಗಕ್ಕೆ ಟೆಂಪರ್ಡ್ ಗಾಜು ಬಂತು.

2018ರಲ್ಲಿ ತೈವಾನಿನ ಲಿಯಾನ್ ಲಿ ಕಂಪನಿಯ ಪಿಸಿ-ಒ11 ಡೈನಾಮಿಕ್ ಈ ಎರಡು ದಾರಿಗಳನ್ನು ಕೂಡಿಸಿತು. ಎರಡು ಕೋಣೆ, ಬದಿಗೂ ಮುಂದಕ್ಕೂ ಗಾಜು. ಅಕ್ವೇರಿಯಮ್ಮಿನ ಹಾಗೆ ಕಾಣುವ ಇಂದಿನ ಕ್ಯಾಬಿನೆಟ್‌ಗಳಲ್ಲಿ ಬಹಳಷ್ಟು ಇದರ ವಂಶದವು. ಆದರೆ ಏರ್ 540ರಲ್ಲಿ ಗಾಳಿ ಬರುತ್ತಿದ್ದ ಮುಂಬಾಗಿಲು ಇಲ್ಲಿ ಗಾಜಿನಿಂದ ಮುಚ್ಚಿಹೋಗಿದೆ. ಹಾಗಾಗಿ ಗಾಳಿ ಒಳಬರಬೇಕಾದದ್ದು ತಳದಿಂದ ಮತ್ತು ಗಾಜಿಗೆ ಎದುರಿನ ಬದಿಯಿಂದ. ಹೊರಹೋಗಬೇಕಾದದ್ದು ಮೇಲಿನಿಂದ, ಹಿಂದಿನಿಂದ. ಗಾಜು ಶಾಖವನ್ನು ಹಿಡಿದಿಡುತ್ತದೆ, ಅದಕ್ಕೇ ಬಿಸಿಯಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಡಬ್ಬದ ಗೋಡೆ ಗಾಜಿನದೋ ತಗಡಿನದೋ ಎಂಬುದರಿಂದ ಆಗುವ ವ್ಯತ್ಯಾಸ ಅಲ್ಪ. ಗಾಜಿನಲ್ಲಿ ತೂತುಗಳಿಲ್ಲ ಎಂಬುದೇ ತೊಂದರೆ.

ಎಷ್ಟು ಗಾಳಿ ಬೇಕು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 2022ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡು ಒಂದೇ 450 ವ್ಯಾಟ್‌ವರೆಗೆ ಎಳೆಯುತ್ತದೆ. ಸಾಧಾರಣ ಮೇಲ್ಮಟ್ಟದ ಯಂತ್ರ ಒಟ್ಟು 500 ವ್ಯಾಟ್ ಶಾಖ ಬಿಡುತ್ತದೆ ಎಂದುಕೊಳ್ಳೋಣ. ಹೊರಬರುವ ಗಾಳಿ ಒಳಹೋದದ್ದಕ್ಕಿಂತ 10 ಡಿಗ್ರಿ ಮಾತ್ರ ಬಿಸಿಯಾಗಿರಬೇಕಾದರೆ ನಿಮಿಷಕ್ಕೆ ಸುಮಾರು 2.6 ಘನ ಮೀಟರ್ ಗಾಳಿ ಹಾಯಬೇಕು. ಹತ್ತಕ್ಕೆ ಹತ್ತು ಅಡಿಯ, ಒಂಬತ್ತು ಅಡಿ ಎತ್ತರದ ಮಲಗುವ ಕೋಣೆಯ ಅಷ್ಟೂ ಗಾಳಿ ಹತ್ತೇ ನಿಮಿಷದಲ್ಲಿ ಆ ಡಬ್ಬದ ಮೂಲಕ ಹೋಗಿಬಂದಂತೆ. ಬಿಸಿಯಾದ ಗಾಳಿ ಸೇರುವುದೂ ಅದೇ ಕೋಣೆಗೆ. ಯಾವ ಕ್ಯಾಬಿನೆಟ್ಟೂ ಶಾಖವನ್ನು ಅಳಿಸುವುದಿಲ್ಲ, ಒಳಗಿನಿಂದ ಹೊರಗೆ ಸಾಗಿಸುತ್ತದೆ ಅಷ್ಟೆ. ಕಿಟಕಿ ಮುಚ್ಚಿದ, ಎ.ಸಿ. ಇಲ್ಲದ ಕೋಣೆ 34 ಡಿಗ್ರಿ ಇದ್ದರೆ ನೀರಿನ ಕೂಲರ್ ಹಾಕಿದರೂ ಚಿಪ್ಪು ಅದಕ್ಕಿಂತ ತಣ್ಣಗಾಗದು. ಮಾಲಾಡಿನಲ್ಲೋ ಅಂಧೇರಿಯಲ್ಲೋ ಮನೆಯಿಂದಲೇ ವಿಡಿಯೋ ಎಡಿಟಿಂಗ್, ಆ್ಯನಿಮೇಷನ್ ಮಾಡುವವರಿಗೆ ಇದು ಕೂಲಿಯ ಪ್ರಶ್ನೆ. ಮಿತಿ ಮೀರಿ ಬಿಸಿಯಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆಗೆ ಮುಗಿಯಬೇಕಾದ ರೆಂಡರ್ ಮಧ್ಯಾಹ್ನಕ್ಕೆ ಹೋಗುತ್ತದೆ.

ಆದ್ದರಿಂದ ಆರಿಸುವಾಗ ಮೊದಲ ಪ್ರಶ್ನೆ, ಮುಚ್ಚಿದ ಮುಂಬಾಗಿಲಿಗೆ ಬದಲಾಗಿ ಗಾಳಿಗೆ ಯಾವ ದಾರಿ ಕೊಟ್ಟಿದ್ದಾರೆ ಎಂಬುದು. ತಳದಲ್ಲಿ ಮೂರು ಫ್ಯಾನಿಗೆ ಜಾಗವಿರಬೇಕು, ತಳ ನೆಲದಿಂದ ಸಾಕಷ್ಟು ಎತ್ತರದಲ್ಲಿ ಇರಬೇಕು. ತಳದ ಫ್ಯಾನುಗಳ ಗಾಳಿ ನೇರವಾಗಿ ಗ್ರಾಫಿಕ್ಸ್ ಕಾರ್ಡಿಗೆ ತಾಗುವುದು ಈ ವಿನ್ಯಾಸದ ದೊಡ್ಡ ಲಾಭ. ಬದಿಯ ಫ್ಯಾನುಗಳು ಗಾಳಿ ಎಳೆಯುವುದು ಗಾಜಿಲ್ಲದ ಬದಿಯಿಂದ. ಮುಂಬಯಿಯ ಮನೆಗಳಲ್ಲಿ ಮೇಜು ಮೂಲೆಗೆ ಅಂಟಿಕೊಂಡಿರುತ್ತದೆ. ಗಾಜು ಈಚೆ ಕಾಣಲಿ ಎಂದು ಆ ಬದಿಯನ್ನು ಗೋಡೆಗೆ ಒತ್ತಿಟ್ಟರೆ ಮೂರು ಫ್ಯಾನು ಹಾಕಿಯೂ ಪ್ರಯೋಜನವಿಲ್ಲ. ಒಂದು ಗೇಣಾದರೂ ಜಾಗ ಬಿಡಬೇಕು. ಅದಕ್ಕೇ ಅಗಲವನ್ನೂ ಅಳೆದುಕೊಂಡು ಹೋಗಬೇಕು. ಒ11 ಡೈನಾಮಿಕ್ ಅಗಲ 272 ಮಿಲಿಮೀಟರ್, ಏರ್ 540ರದು ಸುಮಾರು 33 ಸೆಂಟಿಮೀಟರ್. ಸಾಮಾನ್ಯ ಕ್ಯಾಬಿನೆಟ್‌ಗಳಿಗಿಂತ ಎರಡೂ ದಪ್ಪ.

ಎರಡನೆಯದು ದೂಳಿನ ಜಾಲರಿ. ಗಾಳಿ ಒಳಬರುವ ಪ್ರತಿ ಕಡೆಯೂ ಅದು ಇರಬೇಕು, ಸ್ಕ್ರೂ ಬಿಚ್ಚದೆ ಎಳೆದು ತೊಳೆಯುವಂತಿರಬೇಕು. ಒಳಗೆಳೆಯುವ ಫ್ಯಾನುಗಳು ಹೊರದೂಡುವವುಗಳಿಗಿಂತ ಹೆಚ್ಚಿದ್ದರೆ ಗಾಳಿ ಸಂದುಗೊಂದಿನಿಂದ ನುಗ್ಗದೆ ಜಾಲರಿಯ ಮೂಲಕವೇ ಬರುತ್ತದೆ. ಕಡಲ ಹತ್ತಿರದ ದೂಳಿನಲ್ಲಿ ಉಪ್ಪಿರುತ್ತದೆ. ಗಾಳಿಯ ತೇವ ಸುಮಾರು ಶೇಕಡಾ 75 ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಮುಂಬಯಿ ಆ ಗಡಿಯನ್ನು ದಿನದಿನವೂ ದಾಟುತ್ತದೆ. ಬೋರ್ಡಿನ ಮೇಲೆ ಕೂತ ಒದ್ದೆ ದೂಳು ತುಕ್ಕಿಗೆ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾಲರಿ ತೊಳೆಯುವುದನ್ನು ಮರೆಯದೆ, ಯಂತ್ರವನ್ನು ದಿನಕ್ಕೆ ಸ್ವಲ್ಪ ಹೊತ್ತಾದರೂ ಓಡಿಸಿ ಬೆಚ್ಚಗಿಡುವುದು ಒಳ್ಳೆಯದು.

ಮೂರನೆಯದು ಖರ್ಚು. ಈ ಬಗೆಯ ಹಲವು ಕ್ಯಾಬಿನೆಟ್‌ಗಳು ಫ್ಯಾನುಗಳಿಲ್ಲದೆ ಬರುತ್ತವೆ. ಒ11 ಡೈನಾಮಿಕ್‌ನಲ್ಲಿ ಒಂಬತ್ತು ಫ್ಯಾನಿಗೆ ಜಾಗವಿದೆ, ಜೊತೆಗೆ ಬರುವುದು ಒಂದೂ ಇಲ್ಲ. ಬೆಳಕಿರುವ ಫ್ಯಾನುಗಳನ್ನು ಕೊಂಡರೆ ಮತ್ತೊಂದು ಕ್ಯಾಬಿನೆಟ್ಟಿನ ಬೆಲೆಯೇ ಆದೀತು. ಅಷ್ಟು ಹಣವಿಲ್ಲದೆ ಎರಡೇ ಫ್ಯಾನು ಹಾಕುವುದಾದರೆ ಮುಂದೆ ಜಾಲರಿಯಿರುವ ಒಂದೇ ಕೋಣೆಯ ಕ್ಯಾಬಿನೆಟ್ಟು ಹೆಚ್ಚು ತಂಪಾಗಿರುತ್ತದೆ. ಬೆಳಕಿನಲ್ಲೂ ಎರಡು ಬಗೆಯ ಜೋಡಣೆಗಳಿವೆ. ನಾಲ್ಕು ಪಿನ್ನಿನ 12 ವೋಲ್ಟಿನ ಆರ್‌ಜಿಬಿಯಲ್ಲಿ ಎಲ್ಲ ದೀಪಕ್ಕೂ ಒಂದೇ ಬಣ್ಣ, ಮೂರು ಪಿನ್ನಿನ 5 ವೋಲ್ಟಿನ ಎಆರ್‌ಜಿಬಿಯಲ್ಲಿ ಪ್ರತಿ ದೀಪಕ್ಕೂ ಬೇರೆ ಬಣ್ಣ. 5 ವೋಲ್ಟಿನದನ್ನು 12 ವೋಲ್ಟಿಗೆ ಸಿಕ್ಕಿಸಿದರೆ ದೀಪಗಳು ಸುಟ್ಟುಹೋಗುತ್ತವೆ. ಮದರ್‌ಬೋರ್ಡಿನಲ್ಲಿ ಯಾವುದಿದೆ ಎಂದು ಮೊದಲೇ ನೋಡಿಕೊಳ್ಳಬೇಕು.

ಗಾಜನ್ನು ಬಿಚ್ಚಿದಾಗ ಟೈಲ್ಸಿನ ಮೇಲೆ ನಿಲ್ಲಿಸಬಾರದು. ಟೆಂಪರ್ಡ್ ಗಾಜಿನ ಮೈ ಗಟ್ಟಿ, ಅಂಚು ಸೂಕ್ಷ್ಮ. ಟೈಲ್ಸಿಗೆ ಮೂಲೆ ತಾಗಿದರೆ ಇಡೀ ಹಾಳೆ ಕ್ಷಣದಲ್ಲಿ ಸಾವಿರ ಚೂರಾಗುತ್ತದೆ. ಹಾಸಿಗೆಯ ಮೇಲೆ ಮಲಗಿಸಿಡುವುದು ಕ್ಷೇಮ.

ಅಂಗಡಿಯಲ್ಲಿ ಇಷ್ಟನ್ನೂ ಒಂದೇ ಪರೀಕ್ಷೆಯಲ್ಲಿ ಅರ್ಧ ಮುಗಿಸಬಹುದು. ಪ್ರದರ್ಶನಕ್ಕಿಟ್ಟ ಕ್ಯಾಬಿನೆಟ್ಟಿನ ಬೆಳಕು ಆರಿಸಲು ಹೇಳಿ, ಅದನ್ನು ತಿರುಗಿಸಿ ಗಾಜಿಲ್ಲದ ಬದಿಯನ್ನೂ ತಳವನ್ನೂ ನೋಡಬೇಕು. ಅಲ್ಲಿ ಧಾರಾಳವಾಗಿ ತೂತುಗಳಿದ್ದು, ಜಾಲರಿ ಸಲೀಸಾಗಿ ಕೈಗೆ ಬಂದರೆ ಮತ್ತೆ ಮುಂದಕ್ಕೆ ತಿರುಗಿಸಿ ದೀಪ ಹಚ್ಚಿ ನೋಡಬಹುದು.