ಹಾಲಿಗಿಂತ ಮೊದಲು ಹಿಂಡಿ

1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳೊಳಗೆ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಸೋಂಕಿನ ಸುಳಿವೇ ಸಿಗದೆ ಅದಕ್ಕೆ ‘ಟರ್ಕಿ ಎಕ್ಸ್ ರೋಗ’ ಎಂಬ ಹೆಸರು ಬಿತ್ತು. ಅವು ತಿಂದ ಆಹಾರದಲ್ಲಿ ಬ್ರೆಜಿಲ್ಲಿನ ಕಡಲೆಕಾಯಿ ಹಿಂಡಿ ಬೆರೆತಿತ್ತು. ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದು ವಿಷ ಬಿಟ್ಟಿತ್ತು. ಅದೇ ಅಫ್ಲಟಾಕ್ಸಿನ್. ಮನುಷ್ಯರ ಊಟದ ಕಾವಲು ದನದ ಗೋದಲಿಯಿಂದಲೇ ಶುರುವಾಗಬೇಕೆಂಬುದಕ್ಕೆ ಈ ವಿಷದ ಚರಿತ್ರೆಗಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಮೊದಮೊದಲು ವಿಷ ಪತ್ತೆಗೆ ಇದ್ದ ದಾರಿ, ಹಿಂಡಿಯ ಸಾರವನ್ನು ಒಂದು ದಿನದ ಬಾತುಮರಿಗಳಿಗೆ ಕೊಟ್ಟು ಅವುಗಳ ಪಿತ್ತಜನಕಾಂಗ ಕೆಟ್ಟಿತೇ ಎಂದು ನೋಡುವುದು. ಅತಿನೇರಳೆ ಬೆಳಕಿನಲ್ಲಿ ಈ ವಿಷ ನೀಲಿಯಾಗಿ, ಹಸಿರಾಗಿ ಹೊಳೆಯುತ್ತದೆಂದು ತಿಳಿದ ಮೇಲೆ ಪರೀಕ್ಷೆ ಪ್ರಯೋಗಾಲಯದ ದಿನನಿತ್ಯದ ಕೆಲಸವಾಯಿತು. 1963ರ ಹೊತ್ತಿಗೆ ಇನ್ನೊಂದು ಸಂಗತಿ ಹೊರಬಿತ್ತು: ವಿಷದ ಹಿಂಡಿ ತಿಂದ ಹಸುವಿನ ಹಾಲೂ ಬಾತುಮರಿಗಳಿಗೆ ಹಾನಿ ಮಾಡುತ್ತಿತ್ತು. ಹಸುವಿನ ದೇಹದಲ್ಲಿ ರೂಪ ಬದಲಿಸಿದ ವಿಷ, ಎಂ1 ಎಂದು ಈಗ ಕರೆಯುವಂಥದು, ಕೆಚ್ಚಲಿಗೆ ಇಳಿದಿತ್ತು.

ನಮ್ಮ ದೇಶ ಇದರ ಬೆಲೆ ತೆತ್ತದ್ದು 1974ರಲ್ಲಿ. ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 368ರಲ್ಲಿ ಎಂ1 ಮಿತಿ ಮೀರಿತ್ತು.

ಕಾಯಿಸಿ ಕುಡಿದರೆ ಆಯಿತಲ್ಲ ಎನ್ನುವವರಿದ್ದಾರೆ. ಕುದಿಸಿದರೆ ಸಾಯುವುದು ಕ್ರಿಮಿ. ಈ ವಿಷ ಆ ಬಿಸಿಗೆ ಜಗ್ಗುವುದಿಲ್ಲ. ಎರಡು ಹಸು ಕಟ್ಟಿದ ರೈತನ ಮೇಲೆ ಪರೀಕ್ಷೆಯ ಖರ್ಚು ಹೇರುವುದು ಅನ್ಯಾಯವೆಂಬ ಮಾತು ಇನ್ನೂ ತೂಕದ್ದು. ಆ ಕಾರಣಕ್ಕೇ ಪರೀಕ್ಷೆ ನಡೆಯಬೇಕಾದದ್ದು ಅವನ ಕೊಟ್ಟಿಗೆಯಲ್ಲಲ್ಲ, ಎಣ್ಣೆ ಗಿರಣಿ ಮತ್ತು ಪಶು ಆಹಾರ ಕಾರ್ಖಾನೆಯ ಬಾಗಿಲಲ್ಲಿ. ಕೆಲವೇ ಕಾಳುಗಳಲ್ಲಿ ವಿಷ ದಟ್ಟವಾಗಿರುವುದರಿಂದ ಒಂದು ಹಿಡಿ ಮಾದರಿ ಸಾಲದು. ಇಡೀ ರಾಶಿಯ ಹಲವು ಕಡೆಯಿಂದ ತೆಗೆದು ಬೆರೆಸಿ ನೋಡಬೇಕು. ಇದು ರೈತನ ಕೈಲಾಗುವ ಕೆಲಸವಲ್ಲ. ಕೆಟ್ಟ ಹಿಂಡಿ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ. ಹಾಲಿಗೆ ಇಳಿದ ವಿಷವನ್ನು ಹೊರತೆಗೆಯುವ ಸುಲಭದ ದಾರಿ ಯಾವುದೂ ಇಲ್ಲ. ಹಾಲಿನ ಪರೀಕ್ಷೆಗೆ ಇರುವಷ್ಟೇ ಕಟ್ಟುನಿಟ್ಟು ಹಿಂಡಿಯ ಪರೀಕ್ಷೆಗೂ ಬರಲಿ, ಅದರ ಖರ್ಚನ್ನು ಹಿಂಡಿ ಮಾರುವವರೇ ಹೊರಲಿ.