ಹುಳಕ ಹಲ್ಲಿನ ಹುಳಾ ಎಲ್ಲೆ ಹೋತು?

ನಾ ಮೂರನೇತ್ತಾ ಇದ್ದಾಗ ಒಂದ ರಾತ್ರಿ ದವಡಿ ಹಲ್ಲು ಹಿಡಕೊಂಡು ಭಾಳ ಅತ್ತಿದ್ದೆ. ನಮ್ಮಜ್ಜಿ ಲವಂಗಾ ಜಜ್ಜಿ ಇಟ್ಟು, "ಹುಳಾ ಕೊರ್ಯಾಕತ್ತಾವ ಕೂಸ, ಕಚ್ಚಿ ಹಿಡ್ಕೊ" ಅಂದ್ಲು. ಮರುದಿನ ಓಣ್ಯಾಗಿನ ಮುದುಕಿ ಗುಳ್ಳದ ಬೀಜಾ ಕೆಂಡದ ಮ್ಯಾಲೆ ಹಾಕಿ ಬಾಯಿಗೆ ಹೊಗಿ ಕೊಟ್ಲು. ನೀರಿನ ಬಟ್ಟಲದಾಗ ಬೆಳ್ಳಗ ಏನೋ ತೇಲ್ತಿತ್ತು. "ನೋಡು, ಹುಳಾ ಬಿದ್ವು!" ಎರಡ ದಿನಾ ಬಿಟ್ಟು ಗಲ್ಲಾ ಬಾತು, ಹಲ್ಲು ಕೀಳಿಸಬೇಕಾತು.

ಅಜ್ಜಿನ್ನ ನಾ ಬೈಯಂಗಿಲ್ಲ. ನಮ್ಮ ಮಾತಿನ್ಯಾಗನ 'ಹುಳುಕು' ಅದ ಅಲ್ರೀ! ಬರೇ ನಾವಷ್ಟ ಅಲ್ಲ. ಬ್ಯಾಬಿಲೋನಿನ ಮಣ್ಣಿನ ಹಲಗಿ ಮ್ಯಾಲೆ ಒಂದು ಕತಿ ಅದ: ಹುಳಾ ದೇವರ ಮುಂದ ಅತ್ತು ಊಟಾ ಕೇಳಿತಂತ. ಅಂಜೂರದ ಹಣ್ಣು ಕೊಟ್ರ ಬ್ಯಾಡಂದು, ಹಲ್ಲು-ಒಸಡಿನ ನಡುವ ಜಾಗಾ ಬೇಡಿತಂತ. ಯುರೋಪಿನ್ಯಾಗೂ ಖುರಾಸಾನಿ ಅಜವಾನದ ಬೀಜದ ಹೊಗಿ ಕೊಡ್ತಿದ್ರು. ಬಿಸಿಗೆ ಬೀಜಾ ಒಡದು ಹೊರಗ ಬರೋ ಬಿಳೀ ಮೊಳಕಿನ 'ಹುಳಾ' ಅಂತಿದ್ರು. ನನ್ನ ಬಟ್ಟಲದಾಗಿದ್ದದ್ದೂ ಅಂಥಾದ್ದ ಇರಬೇಕು.

1728ರಾಗ ಪ್ಯಾರಿಸ್ಸಿನ ಪಿಯೆರ್ ಫೋಷಾರ್ ಹಲ್ಲಿನ ವೈದ್ಯದ ಮ್ಯಾಲೆ ದೊಡ್ಡ ಪುಸ್ತಕಾ ಬರದಾ. ಸೂಕ್ಷ್ಮದರ್ಶಕ ಹಿಡದು ನೋಡಿದ್ರೂ ಅವಗ ಹುಳಾ ಸಿಗಲಿಲ್ಲ. ಸಕ್ಕರಿ ಬಗ್ಗೆ ಅಂವಾ ಆಗಲೇ ಎಚ್ಚರಿಸಿದ್ದಾ. ಮುಂದ ಬರ್ಲಿನ್ನಿನ್ಯಾಗ ಕೆಲಸಾ ಮಾಡ್ತಿದ್ದ ಅಮೆರಿಕಾದ ಡಬ್ಲ್ಯೂ. ಡಿ. ಮಿಲ್ಲರ್, ಕಿತ್ತ ಹಲ್ಲನ್ನ ಬ್ರೆಡ್ಡು-ಎಂಜಲದಾಗ ಬೆಚ್ಚಗ ಇಟ್ಟು ನೋಡಿದಾ. ಹಲ್ಲು ಮೆತ್ತಗಾತು. ಬಾಯಾಗಿನ ಬ್ಯಾಕ್ಟೀರಿಯಾ ಹಿಟ್ಟು-ಸಕ್ಕರಿ ತಿಂದು ಹುಳಿ, ಅಂದ್ರ ಆಮ್ಲ, ಮಾಡ್ತಾವ. ಆ ಹುಳಿ ಹಲ್ಲಿನ ಸುಣ್ಣಾ ಕರಗಸ್ತದ ಅಂತ 1890ರಾಗ ಪುಸ್ತಕಾ ಬರದಾ. ನೋಡ್ರಿ, ಹುಳಾ ಹೋಗಿ ಹುಳಿ ಬಂತು!

ಸಿಹಿ ತಿಂದ ಮ್ಯಾಲೆ ಸುಮಾರು ಅರ್ಧ ತಾಸು ಆ ಹುಳಿ ಕೆಲಸಾ ಮಾಡ್ತದ. ಆಮ್ಯಾಲೆ ಎಂಜಲ ನಿಧಾನಕ ರಿಪೇರಿ ಮಾಡ್ತದ. ಹಿಂಗಾಗಿ ಎಷ್ಟು ತಿಂದ್ವಿ ಅನ್ನೋದಕಿಂತ ಎಷ್ಟು ಸಲ ತಿಂದ್ವಿ ಅನ್ನೋದು ದೊಡ್ಡದು. ಒಂದ ಉಂಡಿ ಊಟದ ಜೋಡಿ ತಿಂದು ಮುಗಸೋದು ಛಲೋ, ದಿನಾಪೂರ್ತಿ ಚೂರು ಚೂರು ಮೆಲ್ಲೋದಲ್ಲ.

ಈ ರಿಪೇರಿಗೆ ಫ್ಲೋರೈಡ್ ಕೈ ಕೊಡ್ತದ. 1945ರ ಜನವರಿ 25ಕ್ಕ ಅಮೆರಿಕಾದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ನೀರಿಗೆ ಅದನ್ನ ಬೆರಸಿದ್ರು. ಆಮ್ಯಾಲೆ ಅಲ್ಲೆ ಹುಟ್ಟಿದ ಹುಡುಗೂರೊಳಗ ಹುಳುಕು ಶೇ. 60ಕ್ಕಿಂತ ಹೆಚ್ಚು ಇಳೀತು. ಆದ್ರ ನಮ್ಮ ಮುಂಡರಗಿ ಕಡೆ ಬೋರಿನ ನೀರಾಗ ಅದು ಹೆಚ್ಚಾಗಿ ಹಲ್ಲು ಕಲಿ ಬೀಳ್ತಾವ, ಎಲುಬೂ ಕೆಡ್ತಾವ. ಅದಕ್ಕ ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟ ಪೇಸ್ಟು, ಆರರ ತನಕ ಬಟಾಣಿಯಷ್ಟು. ನುಂಗಬಾರದು, ಉಗಳಬೇಕು.

ಇಷ್ಟೆಲ್ಲಾ ತಿಳದೂ ನಾ ತಪ್ಪಿದೆ. ಮಗಳಿಗೆ ರಾತ್ರಿ ಸಕ್ಕರಿ ಹಾಲಿನ ಬಾಟ್ಲಿ ಬಾಯಾಗ ಇಟ್ಟ ಮಲಗಸ್ತಿದ್ದೆ. ಮುಂದಿನ ನಾಕು ಹಲ್ಲು ಕರ್ರಗಾದಾಗ "ಹಾಲಹಲ್ಲು, ಹೆಂಗೂ ಬೀಳ್ತಾವ" ಅಂದೆ. ಒಂದಿನಾ ನಡುರಾತ್ರಿ ಅಕಿ ಗಲ್ಲಾ ಹಿಡಕೊಂಡು ಅತ್ಲು, ಅಗದೀ ನನ್ನಂಗ. ನನ್ನ ಕೈ ಲವಂಗದ ಡಬ್ಬಿಗೆ ಹೋತು.

ಡಬ್ಬಿ ಈಗೂ ಅದ. ಲವಂಗಾ ನೋವು ಕಡಿಮಿ ಮಾಡ್ತದ, ತೂತು ಮುಚ್ಚಂಗಿಲ್ಲ. ಅವತ್ತು ಬೆಳಗಾಗೋದ್ರಾಗ ಡಾಕ್ಟರ ಬಾಗಲದಾಗ ಕೂತಿದ್ದೆ. ಇನ್ನೊಂದು ಹಲ್ಲು ಕಳಕೊಳ್ಳೋ ಮನಸ ಇರಲಿಲ್ಲ.