ಮುಸ್ಸಂಜೆಯ ಕೋಳಿ ಮರ ಏರುವುದೇಕೆ?

ಹೊತ್ತು ಮುಳುಗುತ್ತಿದ್ದಂತೆ ಹಿತ್ತಿಲ ಕೋಳಿಗಳ ನಡೆ ಬದಲಾಗುತ್ತದೆ. ದಿನವಿಡೀ ತಿಪ್ಪೆ ಕೆದಕಿದ ಹೇಂಟೆಗಳು ಕತ್ತೆತ್ತಿ ಮೇಲೆ ನೋಡತೊಡಗುತ್ತವೆ. ಮನೆಯಾಕೆ ಗೂಡಿನ ಬಾಗಿಲು ತೆರೆದು, ನುಚ್ಚು ಚೆಲ್ಲಿ ಎಷ್ಟು ಕರೆದರೂ ಒಂದೆರಡು ಕೋಳಿಗಳು ಕಿವಿಗೊಡುವುದಿಲ್ಲ. ಅವು ಹಲಸಿನ ಕೊಂಬೆಗೋ ಕೊಟ್ಟಿಗೆಯ ತೊಲೆಗೋ ಹಾರಿ ಕುಳಿತುಬಿಡುತ್ತವೆ. ಕೋಳಿಯ ಹಟ ಎಂದು ಬೈಯುವುದು ರೂಢಿ. ಆದರೆ ಆ ಹಟ ಮನುಷ್ಯ ಕೋಳಿ ಸಾಕಲು ಕಲಿತದ್ದಕ್ಕಿಂತ ಬಹಳ ಹಿಂದಿನದು.

ಊರ ಕೋಳಿಯ ಮೂಲಪುರುಷ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. 1868ರಲ್ಲಿ ಚಾರ್ಲ್ಸ್ ಡಾರ್ವಿನ್ ಈ ವಾದವನ್ನು ಮುಂದಿಟ್ಟ. 2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ಸೀಮೆಯ ಒಂದು ಉಪಜಾತಿಯತ್ತ ಬೆರಳು ತೋರಿಸಿತು. ಈ ಹಕ್ಕಿ ಹಗಲಲ್ಲಿ ನೆಲ ಕೆದಕಿ ಮೇಯುತ್ತದೆ, ರಾತ್ರಿ ಮರದಲ್ಲೋ ಬಿದಿರು ಮೆಳೆಯಲ್ಲೋ ಮಲಗುತ್ತದೆ. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣದು. ನೆಲದಲ್ಲಿ ಮಲಗಿದರೆ ಕಾಡುಬೆಕ್ಕಿಗೋ ನರಿಗೋ ಸುಲಭದ ತುತ್ತು. ಆದ್ದರಿಂದ ಬೆಳಕು ಪೂರ್ತಿ ಆರುವ ಮೊದಲೇ ಎತ್ತರದ ಜಾಗ ಹಿಡಿಯಬೇಕು. ಅದರ ಕಾಲಿನ ರಚನೆಯೂ ಇದಕ್ಕೆ ಒದಗಿಬಂದಿದೆ. ಕಾಲು ಮಡಿಸಿ ಕುಳಿತಾಗ ಸ್ನಾಯುರಜ್ಜು ಬಿಗಿದು ಬೆರಳುಗಳು ಕೊಂಬೆಯನ್ನು ತಬ್ಬಿ ಹಿಡಿಯುತ್ತವೆ. ನಿದ್ದೆಯಲ್ಲೂ ಹಿಡಿತ ಸಡಿಲಾಗದು.

ಇಂಥ ಹಕ್ಕಿ ಮನೆಯಂಗಳಕ್ಕೆ ಇಳಿದದ್ದು ಹೇಗೆ? 2022ರಲ್ಲಿ ಪ್ರಕಟವಾದ ಪುರಾತತ್ವ ಸಂಶೋಧನೆಯೊಂದು ಕಾಳಿನ ಆಸೆಯಿಂದ ಎನ್ನುತ್ತದೆ. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ, ಕ್ರಿ.ಪೂ. 1650ರಿಂದ 1250ರ ನಡುವಿನ ಮೂಳೆಗಳೇ ಖಚಿತವಾಗಿ ಸಾಕುಕೋಳಿಯವು ಎನ್ನಬಹುದಾದ ಅತಿ ಹಳೆಯವು ಎಂಬುದು ಆ ಸಂಶೋಧಕರ ತೀರ್ಮಾನ. ಭತ್ತ ಮತ್ತು ಸಿರಿಧಾನ್ಯಗಳ ಬೇಸಾಯ ಹರಡಿದಂತೆ, ಹೊಲ ಕಣಗಳಲ್ಲಿ ಚೆಲ್ಲಿದ ಕಾಳು ಕಾಡುಕೋಳಿಯನ್ನು ಊರಿನ ಹತ್ತಿರಕ್ಕೆ ಸೆಳೆಯಿತು. ಹಾಗೆ ಬಂದ ಹಕ್ಕಿ ಹೊಟ್ಟೆಪಾಡಿಗೆ ಮನುಷ್ಯನನ್ನು ನೆಚ್ಚಿತೇ ಹೊರತು ಮಲಗುವ ಕ್ರಮವನ್ನು ಬಿಡಲಿಲ್ಲ.

ಈ ಕಥೆಯಲ್ಲಿ ನಮ್ಮ ನೆಲದ ಪಾಲೂ ಇದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿರುವುದು ಬೂದು ಕಾಡುಕೋಳಿ. ಅದೂ ರಾತ್ರಿ ಮರ ಏರುವ ಹಕ್ಕಿಯೇ. ಅನೇಕ ಸಾಕುಕೋಳಿಗಳ ಚರ್ಮ ಮತ್ತು ಕಾಲಿನ ಹಳದಿ ಬಣ್ಣಕ್ಕೆ ಕಾರಣವಾದ ವಂಶವಾಹಿ ಈ ಜಾತಿಯಿಂದ ಬಂದಿರುವುದು ಬಹುಮಟ್ಟಿಗೆ ನಿಜವೆಂದು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು.

ಕೋಳಿಯನ್ನು ಗೂಡಿಗೆ ಒಗ್ಗಿಸಬೇಕಾದರೆ ಗೂಡೊಳಗೇ ಒಂದು ಕೊಂಬೆ ಬೇಕು ಎಂಬುದನ್ನು ಹಳಬರು ಅರಿತಿದ್ದರು. ಕ್ರಿ.ಶ. 1ನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಕೃಷಿಗ್ರಂಥ ಬರೆದ ಕೊಲುಮೆಲ್ಲಾ ಇದನ್ನು ವಿವರವಾಗಿ ಹೇಳಿದ್ದಾನೆ. ಕೋಳಿಮನೆ ಅಡುಗೆಮನೆಗೋ ಒಲೆಗೋ ಅಂಟಿಕೊಂಡಿರಬೇಕು, ಹೊಗೆ ಕೋಳಿಗಳಿಗೆ ಹಿತ. ಗೋಡೆಯಿಂದ ಗೋಡೆಗೆ ಅಡ್ಡಗೋಲು ಹಾಕಬೇಕು. ಕೋಲು ಕೋಲಿನ ನಡುವೆ ಎರಡು ಅಡಿ ಅಂತರ. ಕೋಲು ಗುಂಡಾಗಿ ನುಣುಪಾಗಿದ್ದರೆ ಹಾರಿ ಬಂದ ಹಕ್ಕಿ ಜಾರುತ್ತದೆ, ಆದ್ದರಿಂದ ಅದನ್ನು ಚೌಕವಾಗಿ ಕೆತ್ತಬೇಕು. ಎರಡು ಸಾವಿರ ವರ್ಷ ಹಳೆಯದಾದರೂ, ಮುಸ್ಸಂಜೆಯ ಕೋಳಿಯನ್ನು ಕಣ್ಣಾರೆ ನೋಡಿದವನ ಮಾತಿದು.

ಆ ಅಡ್ಡಗೋಲಿನ ಮೇಲೂ ಎಲ್ಲರಿಗೂ ಒಂದೇ ಸ್ಥಾನವಿಲ್ಲ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಅಂತಸ್ತಿನ ಕ್ರಮವಿದೆ ಎಂದು ನಾರ್ವೆಯ ಶೆಲ್ಡೆರುಪ್ ಎಬ್ಬೆ 1920ರ ದಶಕದ ಆರಂಭದಲ್ಲಿ ಬರೆದ. ಸಂಜೆಯ ನೂಕಾಟ, ಕೊಕ್ಕಿನ ಪೆಟ್ಟು ಎಲ್ಲ ಮೇಲಿನ ಜಾಗಕ್ಕಾಗಿ. ಬಲವಿಲ್ಲದವು ಕೆಳಗೋ ಅಂಚಿಗೋ ಸರಿಯುತ್ತವೆ.

ಇಪ್ಪತ್ತನೇ ಶತಮಾನ ಈ ಏಣಿಯನ್ನೇ ಕಿತ್ತುಹಾಕಿತು. ಮೊಟ್ಟೆಯ ಕೈಗಾರಿಕೆ ಬೆಳೆದಂತೆ ಸಾಲು ಸಾಲು ತಂತಿಪಂಜರಗಳು ಬಂದವು. ನಿರ್ವಹಣೆ ಸುಲಭವಾಯಿತು, ಮೊಟ್ಟೆ ಅಗ್ಗವಾಯಿತು. ಆದರೆ ಕೋಳಿಗೆ ರೆಕ್ಕೆ ಬಿಚ್ಚಲೂ ಎಡೆಯಿಲ್ಲ, ಏರಿ ಕೂರಲು ಕೋಲಿಲ್ಲ. 1964ರಲ್ಲಿ ಬ್ರಿಟನ್ನಿನ ರೂತ್ ಹ್ಯಾರಿಸನ್ 'ಅನಿಮಲ್ ಮಷೀನ್ಸ್' ಪುಸ್ತಕದಲ್ಲಿ ಇಂಥ ಸಾಕಣೆಯನ್ನು ಪ್ರಶ್ನಿಸಿದರು. ಅದರ ಬೆನ್ನಲ್ಲೇ ನೇಮಕವಾದ ಬ್ರ್ಯಾಂಬೆಲ್ ಸಮಿತಿ 1965ರಲ್ಲಿ, ಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ತೀಡಿಕೊಳ್ಳಲು, ಕೈಕಾಲು ಚಾಚಲು ಅವಕಾಶವಿರಬೇಕೆಂದು ವರದಿ ಕೊಟ್ಟಿತು.

ಕೋಳಿಗೆ ನಿಜಕ್ಕೂ ಅಡ್ಡಗೋಲು ಬೇಕೇ, ಅಥವಾ ಇದು ಮನುಷ್ಯನ ಮರುಕವೇ? ಸ್ವೀಡನ್ನಿನ ಸಂಶೋಧಕರು ಇದನ್ನು ಕೋಳಿಯನ್ನೇ ಕೇಳಿದರು. ರಾತ್ರಿ ಕೂರುವ ಕೋಲಿಗೂ ಕೋಳಿಗೂ ನಡುವೆ ತಳ್ಳಿದರೆ ಮಾತ್ರ ತೆರೆಯುವ ಬಾಗಿಲಿಟ್ಟು, ಅದನ್ನು ತಳ್ಳುವುದು ಹಂತಹಂತವಾಗಿ ಕಷ್ಟವಾಗುವಂತೆ ಮಾಡಿದರು. ಕೋಲು ಸಿಗುವುದಾದರೆ ಕೋಳಿಗಳು ಹೆಚ್ಚಿನ ಶ್ರಮಪಟ್ಟು ಬಾಗಿಲು ತಳ್ಳಿದವು. ಪಂಜರದಲ್ಲಿ ಎಷ್ಟೋ ತಲೆಮಾರು ಕಳೆದರೂ ಆ ಬಯಕೆ ಮಾಸಿರಲಿಲ್ಲ.

ಐರೋಪ್ಯ ಒಕ್ಕೂಟದ 1999ರ ನಿರ್ದೇಶನ ಪ್ರತಿ ಮೊಟ್ಟೆಕೋಳಿಗೆ ಕನಿಷ್ಠ 15 ಸೆಂಟಿಮೀಟರ್ ಅಡ್ಡಗೋಲು ಇರಬೇಕೆಂದು ವಿಧಿಸಿತು. 2012ರ ಜನವರಿ 1ರಿಂದ ಹಳೆಯ ಮಾದರಿಯ ಬರಿಯ ಪಂಜರಗಳು ಅಲ್ಲಿ ನಿಷಿದ್ಧವಾದವು. ಭಾರತದಲ್ಲಿ ಕಾನೂನು ಆಯೋಗ 2017ರ ಜುಲೈನಲ್ಲಿ ತನ್ನ 269ನೇ ವರದಿಯಲ್ಲಿ ಇಂಥ ಪಂಜರಗಳ ವಿರುದ್ಧ ಶಿಫಾರಸು ಮಾಡಿತು.

ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕಿದವರಿಗೆ ಕಾನೂನು ಬೇಕಿಲ್ಲ. ಗೂಡಿನೊಳಗೆ, ಮೊಟ್ಟೆಯಿಡುವ ಬುಟ್ಟಿಗಿಂತ ಎತ್ತರದಲ್ಲಿ, ಒಂದು ಗಟ್ಟಿ ಕೋಲು ಅಡ್ಡ ಕಟ್ಟಿದರೆ ಕೋಳಿ ಅದನ್ನೇ ಕೊಂಬೆಯೆಂದು ನಂಬುತ್ತದೆ. ಆಮೇಲೆ ಬಾಗಿಲು ಭದ್ರವಾಗಿ ಹಾಕಿಕೊಳ್ಳುವುದಷ್ಟೇ ಮನೆಯವರ ಕೆಲಸ.